ದದ್ದಿನ ವಯಸ್ಸು ಮತ್ತು ಸ್ಲೈಡ್: ಉರಿಯೂತದ ಚರ್ಮರೋಗ ಹುಟ್ಟಿ, ಬೆಳೆದು, ಮಾಯುವಾಗ ಮೈಕ್ರೋಸ್ಕೋಪಿನಲ್ಲಿ ಏನು ಕಾಣುತ್ತೆ?

ಹೊಸಪೀಜಿ_ಚರ್ಮವಿಭಾಗ

ಎಲ್ಲರಿಗೂ ನಮಸ್ಕಾರ. "ಸಬ್‌ಅಕ್ಯೂಟ್ ಸ್ಪಾಂಜಿಯೋಟಿಕ್ ಡರ್ಮಟೈಟಿಸ್, ಜೊತೆಗೆ ಸೋರಿಯಾಸಿಸ್ ತರಹದ ಹೈಪರ್‌ಪ್ಲೇಸಿಯಾ, ಕ್ಲಿನಿಕಲ್ ಕೋರಿಲೇಷನ್ ಬೇಕು." ಬಯಾಪ್ಸಿ (ಚರ್ಮದ ತುಂಡಿನ ಪರೀಕ್ಷೆ) ರಿಪೋರ್ಟುಗಳಲ್ಲಿ ಈ ಸಾಲು ಪದೇ ಪದೇ ಬರುತ್ತೆ. ಇಸುಬಿನ ನಡುಹಂತದ ಲಕ್ಷಣ, ಜೊತೆಗೆ ಸೋರಿಯಾಸಿಸ್ ತರಹ ದಪ್ಪಗಾದ ಚರ್ಮ, ರೋಗಿಯನ್ನು ನೋಡಿ ಹೊಂದಿಸಿಕೊಳ್ಳಿ ಅಂತ ಅರ್ಥ. ಇಸುಬೋ ಸೋರಿಯಾಸಿಸ್ಸೋ ಎಂದು ಕೇಳಿ ಕಳಿಸಿದ್ದಕ್ಕೆ ಎರಡೂ ಇದೆ ಅನ್ನೋ ಹಾಗಿರುತ್ತೆ ಉತ್ತರ. ಒಂದೇ ರೋಗ ಮೊದಲ ವಾರ ಒಂದು ರೀತಿ, ಎರಡು ತಿಂಗಳಾದ ಮೇಲೆ ಇನ್ನೊಂದು ರೀತಿ ಕಾಣುತ್ತೆ ಅಂತ ಓದಿದ್ದೇನೆ. ಯಾವ ಬದಲಾವಣೆ ಯಾವಾಗ ಬರುತ್ತೆ, ಯಾವುದು ಮೊದಲು ಹೋಗುತ್ತೆ ಅನ್ನೋ ಕ್ರಮವನ್ನು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ. ಒಬ್ಬರ ಮೈಮೇಲೆ ಹಳೆಯದು, ಹೊಸದು ಎಲ್ಲಾ ಇರುವಾಗ ಯಾವುದರಿಂದ ಪಂಚ್ (ದುಂಡು ಬ್ಲೇಡಿನಿಂದ ಕತ್ತರಿಸುವ ತುಂಡು) ತೆಗೀಬೇಕು?

ಸ್ಲೈಡ್_ನೋಟ

ಮೊದಲು ಇಸುಬು, ಅದರಲ್ಲೂ ಅಲರ್ಜಿಯ ಕಾಂಟ್ಯಾಕ್ಟ್ ಡರ್ಮಟೈಟಿಸ್ ತೆಗೆದುಕೊಳ್ಳೋಣ. ಅಲ್ಲಿ ಗಡಿಯಾರ ಯಾವಾಗ ಶುರುವಾಯಿತು ಅಂತ ಗೊತ್ತಿರುತ್ತೆ. ಈಗಾಗಲೇ ಸೆನ್ಸಿಟೈಸ್ ಆದ, ಅಂದರೆ ಅಲರ್ಜಿ ಬೆಳೆಸಿಕೊಂಡ ಚರ್ಮಕ್ಕೆ ಅಲರ್ಜನ್ ತಾಗಿದ ಮೇಲೆ ಒಂದರಿಂದ ಮೂರು ದಿನದೊಳಗೆ ದದ್ದು ಏಳುತ್ತೆ. ಪ್ಯಾಚ್ ಟೆಸ್ಟನ್ನು (ಅಲರ್ಜನ್ ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) 48 ಮತ್ತು 96 ಗಂಟೆಗೆ ಓದುವುದು ಇದೇ ಕಾರಣಕ್ಕೆ.

ಮೊದಲು ಚರ್ಮದ ಒಳಪದರವಾದ ಡರ್ಮಿಸ್‌ನ ಮೇಲುಭಾಗದ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಸೇರುತ್ತವೆ, ಪ್ಯಾಪಿಲ್ಲರಿ ಡರ್ಮಿಸ್ (ಪ್ಯಾಪಿಲ್ಲಾ ಎಂಬ, ಮೇಲಕ್ಕೆ ಚಾಚಿದ ಉಬ್ಬುಗಳಿರುವ ಭಾಗ) ಊದುತ್ತೆ. ಬಳಿಕ ಆ ಲಿಂಫೋಸೈಟ್‌ಗಳು ಚರ್ಮದ ಮೇಲುಪದರವಾದ ಎಪಿಡರ್ಮಿಸ್‌ಗೆ ಏರುತ್ತವೆ. ಅಲ್ಲಿನ ಕೋಶಗಳಾದ ಕೆರಟಿನೋಸೈಟ್‌ಗಳನ್ನು ಹಿಡಿದಿಟ್ಟಿರುವ ಪ್ರೋಟೀನ್ ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ, ಕೋಶಗಳ ನಡುವೆ ನೀರು ತುಂಬಿ, ಡೆಸ್ಮೋಸೋಮ್ (ಕೋಶಗಳ ಬೆಸುಗೆ) ಇರುವ ಕಡೆ ಮಾತ್ರ ಎಳೆ ಎಳೆಯಾಗಿ ಅಂಟಿಕೊಂಡಿರುವುದು ಕಾಣುತ್ತೆ. ಇದೇ ಸ್ಪಾಂಜಿಯೋಸಿಸ್. ಎಳೆಗಳು ಹರಿದರೆ ಎಪಿಡರ್ಮಿಸ್ ಒಳಗೇ ನೀರ್ಗುಳ್ಳೆ. ಈ ಹಂತದಲ್ಲಿ ಕಣ್ಣು ತೀರಾ ಮೇಲಿನ ಸತ್ತ ಕೋಶಗಳ ಪದರ, ಸ್ಟ್ರೇಟಮ್ ಕಾರ್ನಿಯಮ್ ಕಡೆ ಹೋಗಲೇಬೇಕು. ಅದು ಇನ್ನೂ ಬುಟ್ಟಿ ಹೆಣಿಗೆಯ ಹಾಗೇ ಇರುತ್ತೆ. ಆ ಪದರ ಪೂರ್ತಿ ಬದಲಾಗಲು ಸುಮಾರು ಎರಡು ವಾರ ಬೇಕು. ಕೆಳಗೆ ಅಷ್ಟೆಲ್ಲಾ ಗಲಾಟೆ ಇದ್ದೂ ಮೇಲಿನ ಹೆಣಿಗೆ ಕೆಟ್ಟಿಲ್ಲ ಅಂದರೆ ರೋಗಕ್ಕೆ ಕೆಲವೇ ದಿನ ಆಗಿದೆ ಎಂದರ್ಥ. ಎರಿಥೀಮಾ ಮಲ್ಟಿಫಾರ್ಮ್ ಎಂಬ ದಿಢೀರನೆ ಏಳುವ ದದ್ದಿನಲ್ಲೂ ಅಷ್ಟೆ. ಸತ್ತ ಕೆರಟಿನೋಸೈಟ್‌ಗಳು ಒಂದೊಂದಾಗಿ ಚೆದುರಿರುತ್ತವೆ, ಮೇಲೆ ಮಾತ್ರ ಹೆಣಿಗೆ ಹಾಗೇ ಇರುತ್ತೆ.

ಸಬ್‌ಅಕ್ಯೂಟ್ ಹಂತಕ್ಕೆ ಬಂದರೆ ಗುಳ್ಳೆಗಳು ಮೇಲಕ್ಕೆ ಸರಿದು ಒಣಗುತ್ತವೆ. ಪ್ಲಾಸ್ಮಾ ಹೆಪ್ಪುಗಟ್ಟಿದ ಹಕ್ಕಳೆಯೂ ಕೋಶಕೇಂದ್ರ ಉಳಿಸಿಕೊಂಡ ಕೆರಟಿನ್, ಅಂದರೆ ಪ್ಯಾರಾಕೆರಟೋಸಿಸ್, ತುಣುಕು ತುಣುಕಾಗಿಯೂ ಸೇರಿಕೊಳ್ಳುತ್ತವೆ. ಎಪಿಡರ್ಮಿಸ್ ದಪ್ಪವಾಗಲು ಶುರು. ತುರಿಕೆ ತಿಂಗಳುಗಟ್ಟಲೆ ಮುಂದುವರಿದರೆ ಕ್ರಾನಿಕ್ ಹಂತ: ಸ್ಪಾಂಜಿಯೋಸಿಸ್ ಹುಡುಕಿದರೂ ಸಿಗದಷ್ಟು ಕಡಿಮೆ, ರೀಟೆ ರಿಡ್ಜ್‌ಗಳು (ಎಪಿಡರ್ಮಿಸ್ ಕೆಳಕ್ಕೆ ಇಳಿಬಿಟ್ಟ ಬೆರಳಿನಂಥ ಭಾಗ) ಉದ್ದ, ಗ್ರಾನ್ಯುಲರ್ ಪದರ (ಕೆರಟಿನ್‌ಗೆ ನೇರ ಕೆಳಗಿನ, ಹರಳುಗಳಿರುವ ಕೋಶಗಳ ಪದರ) ದಪ್ಪ, ಪ್ಯಾಪಿಲ್ಲಾಗಳಲ್ಲಿ ಕೊಲಾಜನ್ ಎಳೆಗಳು ಚರ್ಮಕ್ಕೆ ಲಂಬವಾಗಿ ನಿಂತಿರುತ್ತವೆ. ಲಂಬ ಕೊಲಾಜನ್ ಕಂಡರೆ ಕೆರೆದಿದ್ದಾರೆ ಅಂತ ಧೈರ್ಯವಾಗಿ ಬರೆಯಬಹುದು. ನಿಮಗೆ ಬರುವ ಆ ಸಾಲು ಈ ಎರಡು ಹಂತಗಳ ನಡುವಿನದ್ದು. ಪೆಥಾಲಜಿಸ್ಟ್ ಜಾರಿಕೊಳ್ಳುತ್ತಿಲ್ಲ, ಆ ದಿನ ಕಂಡದ್ದನ್ನು ಬರೆದಿದ್ದಾರೆ. ಆ ದಿನ ದದ್ದಿಗೆ ಎಷ್ಟು ವಯಸ್ಸು ಅನ್ನುವುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಒಪಿಡಿ_ಬಸವನಗುಡಿ

ಬೆಂಗಳೂರಿನವರಿಗೆ ಇದಕ್ಕೆ ಕಣ್ಣೆದುರೇ ಇರುವ ಉದಾಹರಣೆ ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಖಾಲಿ ಸೈಟು, ರೈಲ್ವೆ ಹಳಿ ಪಕ್ಕ, ಎಲ್ಲಿ ನೋಡಿದರೂ ಇದೆ. ಅದರ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ರಾಸಾಯನಿಕಗಳಿಂದ ಕಣ್ಣುರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಒಳಮಗ್ಗಲಲ್ಲಿ ಇಸುಬು ಬರುತ್ತೆ. ಮೊದಲ ಸಲ ಬಂದಾಗ ತೆಗೆದ ಬಯಾಪ್ಸಿಯಲ್ಲಿ ನೀರು ತುಂಬಿದ ಸ್ಪಾಂಜಿಯೋಸಿಸ್, ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣಗಳಾದ ಇಯೊಸಿನೋಫಿಲ್‌ಗಳು. ಕೆಲವು ವರ್ಷ ಕಳೆದು, ಬಿಸಿಲು ತಾಗುವ ಕಡೆಯೆಲ್ಲಾ ಚರ್ಮ ತೊಗಲಿನಂತೆ ದಪ್ಪಗಾದ ಮೇಲೆ ತೆಗೆದರೆ ಒತ್ತೊತ್ತಾದ ಲಿಂಫೋಸೈಟ್ ರಾಶಿ. ಅದರಲ್ಲಿ ಕೆಲವು ಕೋಶಕೇಂದ್ರಗಳು ವಕ್ರವಾಗಿ, ಕಡುಬಣ್ಣವಾಗಿದ್ದು ಚರ್ಮದ ಲಿಂಫೋಮಾ (ಲಿಂಫೋಸೈಟ್ ಕ್ಯಾನ್ಸರ್) ಎಂಬ ಅನುಮಾನ ಹುಟ್ಟಿಸುತ್ತವೆ. ರೋಗ ಒಂದೇ, ವಯಸ್ಸು ಬೇರೆ. ಫಾರಂನಲ್ಲಿ "4 ವರ್ಷದಿಂದ, ಬಿಸಿಲು ಕಾಣುವ ಜಾಗ, ಮಳೆಗಾಲದ ನಂತರ ಹೆಚ್ಚು" ಅಂತ ಒಂದು ಸಾಲು ಇಲ್ಲದಿದ್ದರೆ ರಿಪೋರ್ಟ್ ತಪ್ಪು ದಾರಿ ಹಿಡಿಯುತ್ತೆ.

ಸ್ಲೈಡ್_ನೋಟ

ಸರಿಯಾಗಿ ಹೇಳಿದಿರಿ ಸರ್. ಈಗ ಸೋರಿಯಾಸಿಸ್.

ಗುಂಡುಸೂಜಿ ತಲೆಯಷ್ಟಿರುವಾಗ ಬಯಾಪ್ಸಿ ಮಾಡಿದರೆ ಪಠ್ಯಪುಸ್ತಕದ ಚಿತ್ರ ಸಿಗಲ್ಲ. ಕಾಣುವುದು ಪ್ಯಾಪಿಲ್ಲಾದಲ್ಲಿ ಹಿಗ್ಗಿ ಸುರುಳಿಯಾದ ಕ್ಯಾಪಿಲ್ಲರಿಗಳು (ಅತಿ ಸಣ್ಣ ರಕ್ತನಾಳಗಳು), ಊತ, ಸುತ್ತ ಒಂದಿಷ್ಟು ಲಿಂಫೋಸೈಟ್, ಕೆಳಗಡೆ ಅಲ್ಪ ಸ್ಪಾಂಜಿಯೋಸಿಸ್. ಇಸುಬಿನೊಡನೆ ಗೊಂದಲ ಮೊದಲು ಆಗುವುದು ಇಲ್ಲೇ. ನಂತರ ಕ್ಯಾಪಿಲ್ಲರಿಯಿಂದ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಬಿಟ್ಟು ಬಿಟ್ಟು ಚಿಮ್ಮಿ ಮೇಲೇರುತ್ತವೆ. ದಾರಿಯಲ್ಲಿ ಎಪಿಡರ್ಮಿಸ್ ನಡುವಿನ ಸ್ಪೈನಸ್ ಪದರದಲ್ಲಿ ನಿಂತರೆ ಕೋಗೋಯ್ ಪಸ್ಟ್ಯೂಲ್, ಮೇಲಿನ ಪ್ಯಾರಾಕೆರಟೋಸಿಸ್ ಒಳಗೆ ಸೇರಿದರೆ ಮನ್ರೋ ಮೈಕ್ರೋಆಬ್ಸೆಸ್. ಸಣ್ಣ ಸಣ್ಣ ಪ್ಯಾರಾಕೆರಟೋಸಿಸ್ ದಿಬ್ಬಗಳು, ಅವುಗಳ ನೆತ್ತಿಯಲ್ಲಿ ನ್ಯೂಟ್ರೋಫಿಲ್: ಗಟ್ಟೇಟ್ (ಹನಿಹನಿಯಾಗಿ ಏಳುವ) ಸೋರಿಯಾಸಿಸ್‌ನಲ್ಲಿ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಪ್ಲಾಕ್ (ದಪ್ಪ, ಅಗಲ ದದ್ದು) ಬಲಿತ ಮೇಲೆ ದಿಬ್ಬಗಳು ಕೂಡಿಕೊಂಡು ಒಂದೇ ಹಾಸು ಆಗುತ್ತವೆ. ಗ್ರಾನ್ಯುಲರ್ ಪದರ ಮಾಯ, ರೀಟೆ ರಿಡ್ಜ್‌ಗಳು ಒಂದೇ ಉದ್ದಕ್ಕೆ ಇಳಿದು ತುದಿ ದಪ್ಪಗಾಗಿರುತ್ತವೆ, ಪ್ಯಾಪಿಲ್ಲಾ ಮೇಲಿನ ಎಪಿಡರ್ಮಿಸ್ ಮಾತ್ರ ತೆಳು. ಹುರುಪೆ ಕಿತ್ತರೆ ಚುಕ್ಕೆ ಚುಕ್ಕೆಯಾಗಿ ರಕ್ತ ಬರುವುದು ಈ ತೆಳುವಿನಿಂದಲೂ ಅದರಡಿಯ ಹಿಗ್ಗಿದ ಕ್ಯಾಪಿಲ್ಲರಿಯಿಂದಲೂ. ಸಾಮಾನ್ಯವಾಗಿ ತಳಪದರದಿಂದ ಉದುರುವವರೆಗೆ ಕೋಶಕ್ಕೆ ನಾಲ್ಕು ವಾರವೋ ಅದಕ್ಕೂ ಹೆಚ್ಚೋ ಬೇಕು. ಇಲ್ಲಿ ಒಂದು ವಾರದೊಳಗೆ ಮೇಲೆ ಬಂದುಬಿಡುತ್ತೆ, ಕೋಶಕೇಂದ್ರ ಕರಗಲು ಸಮಯವೇ ಇರಲ್ಲ.

ಮಾಯುವ ಕ್ರಮದ ಬಗ್ಗೆ ಯಾರೂ ಹೆಚ್ಚು ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನ್ಯೂಟ್ರೋಫಿಲ್‌ಗಳು ಮೊದಲು ಹೋಗುತ್ತವೆ. ಆಮೇಲೆ ಗ್ರಾನ್ಯುಲರ್ ಪದರ ಅಲ್ಲಲ್ಲಿ ಮರಳುತ್ತೆ, ಅದರ ಮೇಲೆ ಕೋಶಕೇಂದ್ರವಿಲ್ಲದ ಒಳ್ಳೆಯ ಕೆರಟಿನ್ ಹುಟ್ಟಿ ಹಳೆಯ ಪ್ಯಾರಾಕೆರಟೋಸಿಸ್ ಹಾಸನ್ನು ಮೇಲಕ್ಕೆ ಎತ್ತುತ್ತೆ. ಮೇಲೆ ಪ್ಯಾರಾಕೆರಟೋಸಿಸ್, ಅದರಡಿ ಆರ್ಥೋಕೆರಟೋಸಿಸ್ (ಆ ಒಳ್ಳೆಯ ಕೆರಟಿನ್), ಅದರಡಿ ಗ್ರಾನ್ಯುಲರ್ ಪದರ. ಈ ಅನುಕ್ರಮ ಕಂಡರೆ ದದ್ದು ಇಳಿಮುಖ ಅನ್ನಿ. ರೀಟೆ ರಿಡ್ಜ್‌ಗಳ ಉದ್ದ ವಾರಗಳ ಲೆಕ್ಕದಲ್ಲಿ ಇಳಿಯುತ್ತೆ. ಸುರುಳಿ ಕ್ಯಾಪಿಲ್ಲರಿಗಳು ಎಲ್ಲಕ್ಕಿಂತ ಕೊನೆಗೆ ಹೋಗುತ್ತವೆ, ಚರ್ಮ ಮೇಲ್ನೋಟಕ್ಕೆ ಸರಿಯಾದ ಮೇಲೂ ಉಳಿದಿರಬಹುದು. ಉರಿಯೂತ ಹೆಚ್ಚಿಸುವ ಐಎಲ್-17 ಪ್ರೋಟೀನ್ ತಡೆಯುವ ಇಂಜೆಕ್ಷನ್ ಕೊಟ್ಟವರಲ್ಲಿ 12 ವಾರದ ಹೊತ್ತಿಗೆ ಬಹುಪಾಲು ಎಪಿಡರ್ಮಿಸ್ ದಪ್ಪ ಇಳಿದು ರೋಗದ ಗುರುತಾದ ಕೆರಟಿನ್ 16 ಕಾಣೆಯಾಗಿರುತ್ತೆ. ಆದರೂ ಎಪಿಡರ್ಮಿಸ್‌ನಲ್ಲಿ ಸಿಡಿ8, ಸಿಡಿ103 ಗುರುತುಗಳಿರುವ ನೆನಪಿನ ಟಿ ಕೋಶಗಳು ಬೀಡುಬಿಟ್ಟಿರುತ್ತವೆ, ಮಾಮೂಲಿ ಬಣ್ಣವಾದ ಎಚ್ ಅಂಡ್ ಇ ಸ್ಟೇನ್‌ನಲ್ಲಿ ಅವನ್ನು ಗುರುತಿಸಲಾಗಲ್ಲ. ಔಷಧ ನಿಲ್ಲಿಸಿದಾಗ ಅದೇ ಮೊಣಕೈ, ಅದೇ ಮೊಣಕಾಲು, ಅದೇ ಆಕಾರದಲ್ಲಿ ಮರಳುವುದು ಇವುಗಳಿಂದ.

ಹೊಸಪೀಜಿ_ಚರ್ಮವಿಭಾಗ

ತುಂಬಾ ಧನ್ಯವಾದ ಮೇಡಂ. ಹಾಗಾದರೆ ಅಂಗೈ ಅಂಗಾಲಿನಲ್ಲಿ? ಅಲ್ಲೇ ಹೆಚ್ಚು ಗೊಂದಲ.

ಸ್ಲೈಡ್_ನೋಟ

ಅಲ್ಲಿ ಕಷ್ಟವೇ. ಅಂಗೈಯಲ್ಲಿ ಸೋರಿಯಾಸಿಸ್‌ಗೂ ಸ್ಪಾಂಜಿಯೋಸಿಸ್ ಇರುತ್ತೆ, ಇಸುಬಿಗೂ ಉದ್ದ ರೀಟೆ ರಿಡ್ಜ್ ಇರುತ್ತೆ. ಪ್ಯಾರಾಕೆರಟೋಸಿಸ್ ಕಂಬಗಳು ಆರ್ಥೋಕೆರಟೋಸಿಸ್ ಜೊತೆ ಒಂದರ ಪಕ್ಕ ಒಂದು, ಮೇಲಿಂದ ಕೆಳಕ್ಕೆ ಹಲವು ಮಹಡಿಯಲ್ಲಿ ಕಂಡರೆ ಸೋರಿಯಾಸಿಸ್ ಕಡೆ ವಾಲಬಹುದು. ಪ್ಯಾರಾಕೆರಟೋಸಿಸ್ ಒಳಗೆ ಪ್ಲಾಸ್ಮಾ ಹೆಪ್ಪು ಹೆಚ್ಚಿದ್ದರೆ ಇಸುಬು. ಅಷ್ಟರ ಮೇಲೂ ನಿರ್ಧಾರ ಆಗದ ಸ್ಲೈಡ್‌ಗಳು ಇದ್ದೇ ಇರುತ್ತವೆ. ಬೇರೆ ಕಡೆ, ಮೊಣಕೈಯಲ್ಲೋ ನೆತ್ತಿಯಲ್ಲೋ, ಒಂದು ಪ್ಲಾಕ್ ಇದ್ದರೆ ದಯವಿಟ್ಟು ಅಲ್ಲಿಂದ ತೆಗೆಯಿರಿ.

ಒಪಿಡಿ_ಬಸವನಗುಡಿ

ಫಂಗಸ್ ವಿಷಯ ಬಿಟ್ಟು ಮುಂದೆ ಹೋಗುವುದು ಬೇಡ. ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಶೆಡ್ಯೂಲ್ ಎಚ್ ಅಡಿ ತಂದರು. ಆದರೂ ಕ್ಲೋಬೆಟಾಸಾಲ್, ಆಂಟಿಫಂಗಲ್, ಆಂಟಿಬಯೋಟಿಕ್ ಸೇರಿದ ಟ್ಯೂಬ್ ಹಚ್ಚಿಕೊಂಡೇ ಬರುವವರು ಬಹಳ. ಹುಳುಕಡ್ಡಿಗೆ ಇದನ್ನು ಹಚ್ಚಿದಾಗ ಉರಿಯೂತ ಇಳಿದು ಅಂಚು ಮಸುಕಾಗುತ್ತೆ, ಫಂಗಸ್ ಮಾತ್ರ ಹರಡುತ್ತೆ. ಸ್ಲೈಡ್‌ನಲ್ಲಿ ಅದು ಸಾಧಾರಣ ಸ್ಪಾಂಜಿಯೋಟಿಕ್ ಡರ್ಮಟೈಟಿಸ್ ತರಹ ಕೂತಿರುತ್ತೆ.

@ಹೊಸಪೀಜಿ_ಚರ್ಮವಿಭಾಗ, ಬಯಾಪ್ಸಿಗೆ ಮೊದಲು ಅಂಚಿನಿಂದ ಹುರುಪೆ ಕೆರೆದು 10 ಪರ್ಸೆಂಟ್ ಕೆ.ಒ.ಎಚ್. (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ 10–15 ನಿಮಿಷ ಬಿಟ್ಟು ಫಂಗಸ್ ಇದೆಯಾ ನೋಡಿ. ಇದಕ್ಕೆ ಖರ್ಚೇ ಇಲ್ಲ.

ಸ್ಲೈಡ್_ನೋಟ

ಸ್ಟ್ರೇಟಮ್ ಕಾರ್ನಿಯಮ್‌ನಲ್ಲಿ ನ್ಯೂಟ್ರೋಫಿಲ್ ಕಂಡರೆ ಸೋರಿಯಾಸಿಸ್ ಎಂದು ಬರೆಯುವ ಮೊದಲು ಫಂಗಸ್ ತೋರಿಸುವ ಪಿ.ಎ.ಎಸ್. ಸ್ಟೇನ್ ಕೇಳಲೇಬೇಕು. ಮೇಲೆ ಬುಟ್ಟಿ ಹೆಣಿಗೆ, ಕೆಳಗೆ ಪ್ಯಾರಾಕೆರಟೋಸಿಸ್, ಇವೆರಡರ ನಡುವೆ ಫಂಗಸ್ ಎಳೆಗಳಾದ ಹೈಫಾಗಳು ಸಿಕ್ಕಿಕೊಂಡಿರುತ್ತವೆ. ಎಚ್ ಅಂಡ್ ಇ ಸ್ಟೇನ್‌ನಲ್ಲಿ ಕಂಡೆನ್ಸರ್ ಇಳಿಸಿ ನೋಡಿದರೂ ಕೆಲವೊಮ್ಮೆ ಸಿಗುತ್ತವೆ.

ಸೋರಿಯಾಸಿಸ್ ಮೇಲೂ ಸ್ಟಿರಾಯ್ಡ್ ಪರಿಣಾಮ ಇದೆ: ಗ್ರಾನ್ಯುಲರ್ ಪದರ ಬೇಗ ಮರಳುತ್ತೆ, ನ್ಯೂಟ್ರೋಫಿಲ್ ಹೋಗುತ್ತೆ, ಎಪಿಡರ್ಮಿಸ್ ತೆಳುವಾಗುತ್ತೆ. ಆಗ ಅದು ಯಾವ ರೋಗದ ಸ್ಲೈಡ್ ಎಂದು ಗುರುತು ಉಳಿಯಲ್ಲ. ಕನಿಷ್ಠ 2 ವಾರ, ಬಲವಾದ ಸ್ಟಿರಾಯ್ಡ್ ಆಗಿದ್ದರೆ 4 ವಾರ, ಆ ಜಾಗಕ್ಕೆ ಏನೂ ಹಚ್ಚದೆ ತೆಗೆಯುವುದು ಒಳ್ಳೆಯದು. ಕಾಯಲಾಗದಿದ್ದರೆ ಮುಲಾಮು ತಲುಪದ ಒಂದು ದದ್ದು ಹುಡುಕಿ, ಬೆನ್ನಿನ ನಡುವೆ ಸಿಗುವುದುಂಟು.

ಮೈಕ್ರೋಟೋಮ್_ಕೈ

ಲ್ಯಾಬ್ ಕಡೆಯಿಂದ ಒಂದಿಷ್ಟು. ಓದಲಾಗದ ಸ್ಲೈಡ್‌ಗಳಲ್ಲಿ ಹಲವು ನಮ್ಮ ಕೈಗೆ ಬರುವ ಮೊದಲೇ ಕೆಟ್ಟಿರುತ್ತವೆ.

ಉರಿಯೂತದ ರೋಗಕ್ಕೆ 4 ಮಿ.ಮೀ. ಪಂಚ್, ಆಳ ಕೊಬ್ಬು ಕಾಣುವವರೆಗೆ. 3 ಮಿ.ಮೀ. ಕಳಿಸಿದರೆ ಅರ್ಧ ಮಾಡಲಾಗಲ್ಲ. ಅರಿವಳಿಕೆಯನ್ನು ದದ್ದಿನ ಒಳಗೇ ಚುಚ್ಚಬೇಡಿ, ಸುತ್ತ ಮತ್ತು ಅಡಿಯಲ್ಲಿ ಕೊಡಿ. ಒಳಗೆ ಕೊಟ್ಟರೆ ಡರ್ಮಿಸ್‌ನಲ್ಲಿ ನೀರು ತುಂಬಿ ನಿಜವಾದ ಊತದ ಹಾಗೇ ಕಾಣುತ್ತೆ. ಅಡ್ರಿನಲಿನ್ ಸೇರಿದ ಲಿಗ್ನೋಕೇನ್ ಆದರೆ 7–10 ನಿಮಿಷ ಕಾದರೆ ರಕ್ತ ಕಡಿಮೆ. ಪಂಚನ್ನು ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆ ಮುಂದೆ ತಿರುಗಿಸಿದರೆ ಎಪಿಡರ್ಮಿಸ್ ಕಿತ್ತು ಬರುತ್ತೆ, ಆಮೇಲೆ ಗುಳ್ಳೆ ರೋಗವೋ ಅಂತ ಪ್ರಶ್ನೆ. ತುಂಡನ್ನು ಚಿಮಟದಲ್ಲಿ ಹಿಂಡಬೇಡಿ, ಇಂಜೆಕ್ಷನ್ ಸೂಜಿಯ ತುದಿಯಲ್ಲಿ ಎತ್ತಿ ಬುಡ ಕತ್ತರಿಸಿ. ಹಿಂಡಿದ ಲಿಂಫೋಸೈಟ್‌ಗಳು ನೀಲಿ ಗೆರೆಗಳಾಗಿ ಎಳೆದುಕೊಂಡು ಹೋಗಿರುತ್ತವೆ, ಅದನ್ನು ಸರಿಪಡಿಸುವ ಸ್ಟೇನ್ ಯಾವುದೂ ಇಲ್ಲ.

ಫಾರ್ಮಲಿನ್: 10 ಪರ್ಸೆಂಟ್, ನ್ಯೂಟ್ರಲ್ ಬಫರ್ ಮಾಡಿದ್ದು, ತುಂಡಿನ ಗಾತ್ರದ 10 ಪಟ್ಟಿಗಿಂತ ಕಡಿಮೆ ಬೇಡ. 4 ಮಿ.ಮೀ. ತುಂಡಿಗೆ ಕನಿಷ್ಠ 6–8 ಗಂಟೆ. ಯಲಹಂಕದಿಂದ ಜಯನಗರಕ್ಕೆ ಟ್ರಾಫಿಕ್‌ನಲ್ಲಿ ಬಂದರೂ ಫಾರ್ಮಲಿನ್‌ನಲ್ಲಿದ್ದರೆ ಚಿಂತೆಯಿಲ್ಲ. ಸಲೈನ್ ಹತ್ತಿಯಲ್ಲಿ ಸುತ್ತಿ ಸಂಜೆ ಹಾಕೋಣ ಅಂತ ಇಟ್ಟರೆ ಕೋಶಗಳು ಕರಗಲು ಶುರು. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಆಮ್ಲವಾಗಿ, ರಕ್ತ ಇರುವ ಕಡೆ ಕಂದುಗಪ್ಪು ಪಿಗ್‌ಮೆಂಟ್ ಬೀಳುತ್ತೆ. ಪೋಲರೈಸರ್ ಹಾಕಿ: ಫಾರ್ಮಲಿನ್ ಪಿಗ್‌ಮೆಂಟ್ ಹೊಳೆಯುತ್ತೆ, ಮೆಲನಿನ್ ಹೊಳೆಯಲ್ಲ. ಆಲ್ಕೊಹಾಲ್‌ನಲ್ಲಿ ಕರಗಿಸಿದ ಪಿಕ್ರಿಕ್ ಆಸಿಡ್‌ನಲ್ಲಿಟ್ಟರೆ ಹೋಗುತ್ತೆ.

ತುಂಡನ್ನು ಉದ್ದಕ್ಕೆ ಸೀಳುವಾಗ ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ ಸೀಳಿ. ಆಗ ನಡುಭಾಗ ಪೂರ್ತಿ ಉಳಿಯುತ್ತೆ. ಕತ್ತರಿಸಿದ ಮುಖ ಕೆಳಗೆ ಬರುವಂತೆ ಎಂಬೆಡ್ ಮಾಡಬೇಕು. ಓರೆಯಾಗಿ ಕೂತರೆ ಎಪಿಡರ್ಮಿಸ್ ನಿಜಕ್ಕಿಂತ ದಪ್ಪವಾಗಿ ಕಾಣುತ್ತೆ, ರೀಟೆ ರಿಡ್ಜ್‌ಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಸೆಕ್ಷನ್ 4 ಮೈಕ್ರಾನ್. ಮನ್ರೋ ಆಬ್ಸೆಸ್, ಹೈಫಾ, ವ್ಯಾಸ್ಕ್ಯುಲೈಟಿಸ್ (ರಕ್ತನಾಳದ ಉರಿಯೂತ) ಎಲ್ಲಾ ಒಂದು ಮೂಲೆಯಲ್ಲಿ ಇರುವಂಥವು. ಮೊದಲ ಸ್ಲೈಡ್‌ನಲ್ಲಿ ಸಿಗದಿದ್ದರೆ ಇನ್ನೂ ಆಳದ ಲೆವೆಲ್ ಕೇಳಿ, ಬ್ಲಾಕ್ ನಮ್ಮಲ್ಲೇ ಇರುತ್ತೆ.

ವಾರ್ಡ್_ರೌಂಡ್ಸ್

ವ್ಯಾಸ್ಕ್ಯುಲೈಟಿಸ್ ಬಂತಲ್ಲ, ಅಲ್ಲಿ ವಯಸ್ಸು ಗಂಟೆಯ ಲೆಕ್ಕ. ಕಾಲಿನ ಮೇಲೆ ಮುಟ್ಟಿದರೆ ಸಿಗುವ ಪರ್ಪುರಾ (ರಕ್ತ ಸೋರಿದ ಮಚ್ಚೆ) ಬಂದು 24ರಿಂದ 48 ಗಂಟೆ ಆದದ್ದನ್ನು ಆರಿಸಿ. ಆಗ ಸಣ್ಣ ರಕ್ತನಾಳದ ಗೋಡೆಯಲ್ಲಿ ಫೈಬ್ರಿನ್, ನ್ಯೂಟ್ರೋಫಿಲ್, ಪುಡಿಯಾದ ಕೋಶಕೇಂದ್ರ ಎಲ್ಲಾ ಇರುತ್ತೆ. ಮೂರು ದಿನ ದಾಟಿದರೆ ಲಿಂಫೋಸೈಟ್‌ಗಳು ಆ ಜಾಗ ಹಿಡಿದಿರುತ್ತವೆ, ರಿಪೋರ್ಟ್ "ಲಿಂಫೋಸೈಟಿಕ್" ಅಂತ ಬರುತ್ತೆ. ಇಮ್ಯುನೊಫ್ಲೋರೊಸೆನ್ಸ್‌ಗೆ, ಅಂದರೆ ಚರ್ಮಕ್ಕೆ ಅಂಟಿದ ಪ್ರತಿಕಾಯಗಳು ಹೊಳೆಯುವಂತೆ ಮಾಡಿ ನೋಡುವ ಡಿ.ಐ.ಎಫ್.ಗೆ, ಇನ್ನೂ ಹೊಸದು ಬೇಕು, 24 ಗಂಟೆಯೊಳಗಿನದ್ದು. ಗೋಡೆಗೆ ಅಂಟಿದ ಇಮ್ಯೂನ್ ಕಾಂಪ್ಲೆಕ್ಸ್‌ಗಳನ್ನು ದೇಹವೇ ತಿಂದು ಮುಗಿಸುತ್ತೆ. ದದ್ದು ಎದ್ದ ಕೂಡಲೇ ಬಾಲ್‌ಪೆನ್‌ನಲ್ಲಿ ಸುತ್ತ ಗೆರೆ ಹಾಕಿ ಸಮಯ ಬರೆಯಲು ಸಿಸ್ಟರ್‌ಗೆ ಹೇಳಿದರೆ ಮರುದಿನ ಯಾವುದು ಹೊಸದು ಅಂತ ಊಹಿಸಬೇಕಿಲ್ಲ.

ಗುಳ್ಳೆ ರೋಗದಲ್ಲೂ ಇದೇ ಕಥೆ, ಇನ್ನೂ ಅಪಾಯಕಾರಿ. ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಗುಳ್ಳೆ ಎಪಿಡರ್ಮಿಸ್ ಅಡಿಯಲ್ಲಿ. ಎರಡು ಮೂರು ದಿನ ಬಿಟ್ಟರೆ ಅಂಚಿನಿಂದ ಹೊಸ ಎಪಿಡರ್ಮಿಸ್ ತೆವಳಿಕೊಂಡು ಬಂದು ಗುಳ್ಳೆಯ ತಳ ಮುಚ್ಚುತ್ತೆ. ಮೇಲೂ ಎಪಿಡರ್ಮಿಸ್, ಕೆಳಗೂ ಎಪಿಡರ್ಮಿಸ್, ಗುಳ್ಳೆ ಒಳಗೆ. ಎಪಿಡರ್ಮಿಸ್ ಒಳಗೇ ಗುಳ್ಳೆ ಏಳುವ ಪೆಂಫಿಗಸ್ ಅಂತ ಓದುವ ಸಾಧ್ಯತೆ ಇದೆ, ಚಿಕಿತ್ಸೆಯೇ ಬೇರೆಯಾಗುತ್ತೆ. ಚಿಕ್ಕ ಹೊಸ ಗುಳ್ಳೆಯಿದ್ದರೆ ಇಡಿಯಾಗಿ, ಇಲ್ಲದಿದ್ದರೆ ಅಂಚು ಸೇರಿಸಿ ತೆಗೆಯಿರಿ. ಡಿ.ಐ.ಎಫ್. ತುಂಡು ಗುಳ್ಳೆಯ ಪಕ್ಕದ ಚರ್ಮದಿಂದ, 1 ಸೆಂ.ಮೀ. ಒಳಗೆ.

ಮೈಕ್ರೋಟೋಮ್_ಕೈ

ಆ ತುಂಡನ್ನು ಫಾರ್ಮಲಿನ್‌ಗೆ ಹಾಕಿದರೆ ಮುಗಿಯಿತು. ಇಂಥ ತುಂಡು ಸಾಗಿಸುವ ದ್ರವವಾದ ಮಿಷೆಲ್ ಮೀಡಿಯಂನಲ್ಲೇ ಕಳಿಸಿ.

ವಾರ್ಡ್_ರೌಂಡ್ಸ್

ಅಣ್ಣಾ, ಮಿಷೆಲ್ ಇಲ್ಲದ ಆಸ್ಪತ್ರೆಗಳೇ ಹೆಚ್ಚು. ಊರೊಳಗಿನ ಲ್ಯಾಬ್‌ಗೆ ಅದೇ ದಿನ ತಲುಪುವುದಾದರೆ ನಾರ್ಮಲ್ ಸಲೈನ್ ಸಾಕು, 24 ಗಂಟೆ ಚೆನ್ನಾಗಿ ತಡೆಯುತ್ತೆ. ಹಿನ್ನೆಲೆಯ ಮಂಕು ತೊಳೆದುಹೋಗಿ ಪ್ರತಿಕಾಯದ ಹೊಳೆಯುವ ಗೆರೆ ಇನ್ನೂ ಸ್ಪಷ್ಟವಾಗಿ ಕಾಣುವುದುಂಟು.

ಮೈಕ್ರೋಟೋಮ್_ಕೈ

24 ಗಂಟೆ ಒಪ್ಪಿದೆ. ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಕಳಿಸುವುದಕ್ಕೆ ಸಲೈನ್ ಬೇಡ, ಅಷ್ಟೇ ನನ್ನ ಮಾತು. ಡಬ್ಬಿಯ ಮೇಲೆ "ಸಲೈನ್, ಡಿ.ಐ.ಎಫ್." ಅಂತ ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಫಾರ್ಮಲಿನ್ ಸುರಿಯುತ್ತಾರೆ.

ಒಪಿಡಿ_ಬಸವನಗುಡಿ

ಮಾಯುವ ವಿಷಯದಲ್ಲಿ ನಮ್ಮ ಜನರನ್ನು ಹೆಚ್ಚು ಕಾಡುವುದು ಕಪ್ಪು ಕಲೆ. ಅಂಥ ಕಲೆ ಉಳಿಸುವ ಲೈಕನ್ ಪ್ಲೇನಸ್ (ನೇರಳೆ ಬಣ್ಣದ ತುರಿಕೆಯ ದದ್ದು) ಬಗ್ಗೆ ಮೇಡಂ ಬರೆದರೆ ಚೆನ್ನ.

ಸ್ಲೈಡ್_ನೋಟ

ಲೈಕನ್ ಪ್ಲೇನಸ್‌ನಲ್ಲಿ ಟಿ ಕೋಶಗಳು ತಳಪದರದ ಮೇಲೇ ಬೀಳುತ್ತವೆ. ಆರಂಭದಲ್ಲಿ ತಳಕೋಶಗಳಲ್ಲಿ ನೊರೆಯಂಥ ವ್ಯಾಕ್ಯೂಲ್‌ಗಳು, ಅಲ್ಲೊಂದು ಇಲ್ಲೊಂದು ಸತ್ತ ಕೋಶದ ಗುಲಾಬಿ ಉಂಡೆ, ಅಂದರೆ ಸಿವಾಟ್ ಬಾಡಿ. ಬಲಿತಾಗ ಎಪಿಡರ್ಮಿಸ್ ಅಡಿಗೆ ಒತ್ತಿಕೊಂಡ ಲಿಂಫೋಸೈಟ್ ಪಟ್ಟಿ, ಗರಗಸದ ಹಲ್ಲಿನಂಥ ರೀಟೆ ರಿಡ್ಜ್, ಗ್ರಾನ್ಯುಲರ್ ಪದರ ಬೆಣೆಯಾಕಾರದಲ್ಲಿ ದಪ್ಪ. ಮೇಲೆ ಕಾಣುವ ವಿಕ್‌ಹ್ಯಾಮ್‌ನ ಬಿಳಿ ಗೆರೆಗಳು ಈ ದಪ್ಪದಿಂದಲೇ. ಪ್ಯಾರಾಕೆರಟೋಸಿಸ್ ಇರಬಾರದು. ಅದೂ ಇದ್ದು, ಇಯೊಸಿನೋಫಿಲ್‌ಗಳೂ ಇದ್ದರೆ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಕೇಳಿ.

ತಳಪದರ ಮುರಿದಾಗ ಮೆಲನಿನ್ ಡರ್ಮಿಸ್‌ಗೆ ಉದುರುತ್ತೆ, ಅದನ್ನು ಮ್ಯಾಕ್ರೋಫೇಜ್‌ಗಳು ನುಂಗಿ ಅಲ್ಲೇ ಕೂರುತ್ತವೆ. ಉರಿಯೂತದ ಪಟ್ಟಿ ಕರಗಿ, ಎಪಿಡರ್ಮಿಸ್ ತೆಳುವಾಗಿ ಚಪ್ಪಟೆಯಾದ ಮೇಲೂ ಈ ಮೆಲನೋಫೇಜ್‌ಗಳು ತಿಂಗಳು, ವರ್ಷ ಉಳಿಯುತ್ತವೆ. ಇಸುಬಿನ ನಂತರದ ಕಲೆಯಲ್ಲಿ ಬಣ್ಣ ಬಹುಪಾಲು ಎಪಿಡರ್ಮಿಸ್‌ನಲ್ಲೇ ಇರುವುದರಿಂದ ಬೇಗ ತಿಳಿಯಾಗುತ್ತೆ. ಡರ್ಮಿಸ್‌ನ ಬೂದುಗಪ್ಪು ಕಲೆಗೆ ಬೆಳ್ಳಗಾಗುವ ಮುಲಾಮು ತಲುಪುವುದೇ ಇಲ್ಲ. ರೋಗಿಗೆ ಇದನ್ನು ಮೊದಲೇ ಹೇಳಿದರೆ ಅವರ ದುಡ್ಡೂ ಚರ್ಮವೂ ಉಳಿಯುತ್ತೆ. ಬರೀ ಕಲೆಯಿಂದ ಬಯಾಪ್ಸಿ ಕಳಿಸಬೇಡಿ. ಅಲ್ಲಿ ಮೆಲನೋಫೇಜ್ ಬಿಟ್ಟು ಇನ್ನೇನೂ ಸಿಗಲ್ಲ. ನೇರಳೆ ಬಣ್ಣದ, ಇನ್ನೂ ಉಬ್ಬಿರುವ ದದ್ದು ಬೇಕು.

ಇದಕ್ಕೆ ತದ್ವಿರುದ್ಧ ಡಿಸ್ಕಾಯ್ಡ್ ಲೂಪಸ್ ಎಂಬ, ಗಾಯದ ಕಲೆ ಉಳಿಸುವ ರೋಗ. ತೀರಾ ಹೊಸದರಲ್ಲಿ ಗುರುತುಗಳು ಮೂಡಿರಲ್ಲ. ಕೆಲವು ತಿಂಗಳಾದ, ಇನ್ನೂ ಕೆಂಪಿರುವ ಅಂಚಿನಲ್ಲಿ ಕೂದಲ ರಂಧ್ರ ಮುಚ್ಚಿದ ಕೆರಟಿನ್ ಬಿರಡೆ, ಪಿ.ಎ.ಎಸ್.ನಲ್ಲಿ ದಪ್ಪಗಾದ ಬೇಸ್‌ಮೆಂಟ್ ಮೆಂಬ್ರೇನ್ (ಎಪಿಡರ್ಮಿಸ್ ತಳದ ಪೊರೆ), ಡರ್ಮಿಸ್‌ನಲ್ಲಿ ಲೋಳೆಯಂಥ ಮ್ಯೂಸಿನ್ ಸಿಗುತ್ತವೆ. ಬಿಳಿಚಿದ ನಡುಭಾಗ ಬರೀ ಗಾಯದ ಕಲೆ, ಅಲ್ಲಿ ಕೂದಲ ಬುಡ ಮರಳುವುದಿಲ್ಲ.

ವಾರ್ಡ್_ರೌಂಡ್ಸ್

ಒಂದು ಸೇರಿಸಬೇಕು. ಬಣ್ಣ ಕಡಿಮೆಯಾದ, ಸ್ಪರ್ಶ ಗೊತ್ತಾಗದ ಮಚ್ಚೆಯಾದರೆ ಫಾರಂನಲ್ಲಿ ಹ್ಯಾನ್ಸನ್ ಕಾಯಿಲೆ (ಕುಷ್ಠ) ಅಂತ ಬರೆದೇ ಕಳಿಸಿ. ಲ್ಯಾಬ್ ಅದರ ಬ್ಯಾಸಿಲ್ಲೈ (ಕಡ್ಡಿಯಂಥ ಬ್ಯಾಕ್ಟೀರಿಯಾ) ತೋರಿಸುವ ಫೈಟ್-ಫರಾಕೊ ಸ್ಟೇನ್ ಮಾಡುತ್ತೆ. ಆರಂಭದಲ್ಲಿ ನರ ಮತ್ತು ಬೆವರು ಗ್ರಂಥಿಗಳ ಸುತ್ತ ಒಂದಿಷ್ಟು ಲಿಂಫೋಸೈಟ್ ಅಷ್ಟೇ ಇರುತ್ತೆ, ಹೆಸರು ಹೇಳದಿದ್ದರೆ ಸಾಮಾನ್ಯ ಡರ್ಮಟೈಟಿಸ್ ಎಂದು ಹೋಗಿಬಿಡುತ್ತೆ. ಬ್ಯಾಸಿಲ್ಲೈ ಹೆಚ್ಚಿರುವವರಿಗೆ 12 ತಿಂಗಳ ಎಂ.ಡಿ.ಟಿ. (ಹಲವು ಔಷಧ ಸೇರಿದ ಚಿಕಿತ್ಸೆ) ಮುಗಿದ ಮೇಲೂ ಸ್ಲೈಡ್‌ನಲ್ಲಿ ಚೂರಾದ ಬ್ಯಾಸಿಲ್ಲೈ, ನೊರೆ ಮ್ಯಾಕ್ರೋಫೇಜ್ ಕಾಣುತ್ತವೆ. ಬ್ಯಾಕ್ಟೀರಿಯಲ್ ಇಂಡೆಕ್ಸ್ (ಬ್ಯಾಸಿಲ್ಲೈ ಎಷ್ಟಿವೆ ಎಂಬ ಅಂಕ) ವರ್ಷಕ್ಕೆ ಸುಮಾರು 1 ಅಂಕ ಮಾತ್ರ ಇಳಿಯುತ್ತೆ. ಚೂರಾದ್ದನ್ನು ಕಂಡು ಔಷಧ ಕೆಲಸ ಮಾಡಿಲ್ಲ ಎಂದು ಹೇಳಬಾರದು.

ಹೊಸಪೀಜಿ_ಚರ್ಮವಿಭಾಗ

ಎಲ್ಲಾ ಬರೆದುಕೊಂಡೆ. ಕೊನೆಯ ಪ್ರಶ್ನೆ: ಕಾಲಿನ ಮುಂಭಾಗದ ನೋವಿನ ಗಂಟು, ಎರಿಥೀಮಾ ನೋಡೋಸಮ್ ಅನುಮಾನ ಇದ್ದಾಗಲೂ 4 ಮಿ.ಮೀ. ಪಂಚ್ ಸಾಕಾ? ಫಾರಂನಲ್ಲಿ ಕನಿಷ್ಠ ಏನೇನು ಬರೆಯಬೇಕು?

ಸ್ಲೈಡ್_ನೋಟ

ಸಾಲದು. ರೋಗ ಇರುವುದು ಕೊಬ್ಬಿನ ನಡುವಿನ ಗೋಡೆಗಳಲ್ಲಿ. ಮಾಮೂಲಿ ಪಂಚ್‌ನಲ್ಲಿ ಕೊಬ್ಬು ಕಳಚಿ ಒಳಗೇ ಉಳಿದುಬಿಡುತ್ತೆ. ಉದ್ದದ ಇನ್ಸಿಷನ್ ಮಾಡಿ, ಇಲ್ಲವೇ ದೊಡ್ಡ ಪಂಚ್ ಹಾಕಿ ಅದೇ ಗುಳಿಯೊಳಗೆ ಚಿಕ್ಕ ಪಂಚ್ ಇಳಿಸಿ ಕೊಬ್ಬು ತೆಗೆಯಿರಿ. ಎರಡು ತುಂಡನ್ನೂ ಕಳಿಸಿ. ಮೊದಲ ದಿನಗಳಲ್ಲಿ ಗೋಡೆಯ ಊತ, ನ್ಯೂಟ್ರೋಫಿಲ್. ತರುವಾಯ ಮ್ಯಾಕ್ರೋಫೇಜ್‌ಗಳು ಸಣ್ಣ ಬಿರುಕಿನ ಸುತ್ತ ಕಿರಣದಂತೆ ಜೋಡಣೆಯಾಗುತ್ತವೆ, ಇದು ಮೀಷರ್ ಗ್ರಾನ್ಯುಲೋಮಾ. ಇನ್ನೂ ಹಳೆಯದಾದರೆ ಗೋಡೆ ನಾರಿನಿಂದ ದಪ್ಪ.

ಫಾರಂಗೆ: ಈ ದದ್ದು ಎದ್ದು ಎಷ್ಟು ದಿನ, ರೋಗ ಶುರುವಾಗಿ ಎಷ್ಟು ಕಾಲ, ಇವೆರಡನ್ನೂ ಬೇರೆ ಬೇರೆ ಬರೆಯಿರಿ. ದೇಹದ ಯಾವ ಜಾಗ, ಅಂಚೋ ನಡುವೋ. ಏನು ಹಚ್ಚಿದ್ದಾರೆ, ಏನು ನುಂಗಿದ್ದಾರೆ, ಯಾವಾಗ ನಿಲ್ಲಿಸಿದರು. ನಿಮ್ಮ ಅನುಮಾನದ ಮೂರು ರೋಗಗಳ ಹೆಸರು. ಫೋನ್‌ನಲ್ಲಿ ತೆಗೆದ ಫೋಟೊ, ಒಂದು ದೂರದಿಂದ, ಒಂದು ಹತ್ತಿರದಿಂದ, ರೋಗಿಯ ಒಪ್ಪಿಗೆ ಪಡೆದು, ಮುಖ ಕಾಣದ ಹಾಗೆ.

ಮೈಕ್ರೋಟೋಮ್_ಕೈ

ಡಬ್ಬಿಗೆ ಹಚ್ಚುವ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಮುಚ್ಚಳಕ್ಕಲ್ಲ ಡಬ್ಬಿಯ ಮೈಗೆ ಅಂಟಿಸಿ. ಫಾರ್ಮಲಿನ್ ಸೋರಿದರೆ ಇಂಕ್ ಅಳಿಸಿಹೋಗುತ್ತೆ, ಮುಚ್ಚಳ ಅದಲುಬದಲಾಗುತ್ತೆ.